ವಾಘಾ ಪ್ಯಾಕೇಜಿನಲ್ಲಿ ಇಲ್ಲದ ಜಿಲ್ಲೆ: ತರನ್ ತಾರನ್‌ಗೆ ಒಂದು ದಿನದ ಟ್ಯಾಕ್ಸಿ ಸುತ್ತು, ಕೊಡಗಿನವರಿಗಾಗಿ ಒಂದು ವಿಮರ್ಶೆ

ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಎಲ್ಲಿ ವಿಚಾರಿಸಿದರೂ ಅಮೃತಸರದ ಪ್ಯಾಕೇಜ್ ಒಂದೇ ಅಚ್ಚಿನದು. ಬೆಳಿಗ್ಗೆ ಸ್ವರ್ಣಮಂದಿರ, ಪಕ್ಕದಲ್ಲೇ ಜಲಿಯನ್‌ವಾಲಾ ಬಾಗ್, ಮಧ್ಯಾಹ್ನಕ್ಕೆ ಕುಲ್ಚಾ, ಸಂಜೆ ಅಟ್ಟಾರಿ-ವಾಘಾ ಪೆರೇಡ್, ಮರುದಿನ ಹಿಮಾಚಲದ ಕಡೆಗೆ ಬಸ್ಸು. ಅಮೃತಸರದಿಂದ ದಕ್ಷಿಣಕ್ಕೆ ಬರೀ 25 ಕಿಲೋಮೀಟರ್ ಹೋದರೆ ಸಿಗುವ ತರನ್ ತಾರನ್ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಬೇರೆ ಜಿಲ್ಲೆಯವರಿಗೆ ಅದು ನಡೆದೀತು. ಮನೆಗೊಬ್ಬರು ಫೌಜಿಗೆ ಹೋದ ಕೊಡಗಿನವರಿಗೆ ಮಾತ್ರ ಅದನ್ನು ಬಿಟ್ಟು ಬರುವುದು, ಭಾಗಮಂಡಲದವರೆಗೂ ಹೋಗಿ ತಲಕಾವೇರಿ ಹತ್ತದೆ ವಾಪಸು ಬಂದ ಹಾಗೆ.

ಇಲ್ಲಿ ತೂಗಿ ನೋಡುತ್ತಿರುವುದು ಅಮೃತಸರದ ಯಾವ ಹೋಟೆಲಿನ ಕೌಂಟರಿನಲ್ಲೂ ಸಿಗುವ ಒಂದು ದಿನದ ಟ್ಯಾಕ್ಸಿ ಸೇವೆಯನ್ನು. ಅದನ್ನು ಈ ಜಿಲ್ಲೆ ಸುತ್ತಲು ಬಳಸಿಕೊಂಡರೆ ಕೊಟ್ಟ ಹಣಕ್ಕೆ ಏನು ಸಿಗುತ್ತೆ, ಎಲ್ಲಿ ಕೈ ಸುಡುತ್ತೆ ಅನ್ನುವುದಷ್ಟೇ ಪ್ರಶ್ನೆ. ತೀರ್ಪು ಮೊದಲೇ ಹೇಳಿಬಿಡೋಣ: ನವೆಂಬರ್ ಕೊನೆಯಿಂದ ಮಾರ್ಚ್ ನಡುವೆ, ಮಂಜಿಲ್ಲದ ದಿನ, ಸರಿಯಾದ ಕ್ರಮದಲ್ಲಿ ಹೋದರೆ ಐದಕ್ಕೆ ನಾಲ್ಕೂವರೆ. ಮೇ-ಜೂನ್‌ನಲ್ಲಿ ಮಕ್ಕಳು, ವಯಸ್ಸಾದವರನ್ನು ಕಟ್ಟಿಕೊಂಡು ಹೋದರೆ ಎರಡೂ ಸಿಗಲಿಕ್ಕಿಲ್ಲ.

ಮೊದಲು ಬಾಡಿಗೆಯ ಲೆಕ್ಕ. ಕೌಂಟರಿನಲ್ಲಿ ಎರಡು ಬಗೆಯ ದರ ಹೇಳುತ್ತಾರೆ. ಒಂದು ಲೋಕಲ್: 8 ಗಂಟೆ, 80 ಕಿಲೋಮೀಟರ್. ಇನ್ನೊಂದು ಔಟ್‌ಸ್ಟೇಷನ್: ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ, ಸಾಮಾನ್ಯವಾಗಿ 250. ತರನ್ ತಾರನ್ ಹತ್ತಿರವೇ ಅಲ್ಲವೇ ಎಂದು ಲೋಕಲ್ ದರಕ್ಕೆ ಒಪ್ಪಿಸುವವರುಂಟು. ಊರು ಹತ್ತಿರ, ನಿಜ. ಜಿಲ್ಲೆ ಹತ್ತಿರವಲ್ಲ. ಅಮೃತಸರದಿಂದ ತರನ್ ತಾರನ್, ಗೋಇಂದ್ವಾಲ್, ಹರಿಕೆ, ಪಟ್ಟಿ, 1965ರ ಟ್ಯಾಂಕ್ ಕಾಳಗ ನಡೆದ ಅಸಲ್ ಉತ್ತರ್, ಭಿಖಿವಿಂಡ್ ಹಾದು ವಾಪಸು ಬಂದರೆ ಮೀಟರು ಹೆಚ್ಚುಕಡಿಮೆ 200 ತೋರಿಸುತ್ತೆ. 80 ದಾಟಿದ ಪ್ರತಿ ಕಿಲೋಮೀಟರಿಗೂ, 8 ದಾಟಿದ ಪ್ರತಿ ಗಂಟೆಗೂ ಬೇರೆ ದುಡ್ಡು ಬೀಳುವುದರಿಂದ ಕಡಿಮೆಯೆಂದು ಹತ್ತಿದ ಗಾಡಿಯೇ ದುಬಾರಿಯಾಗುತ್ತೆ. ಔಟ್‌ಸ್ಟೇಷನ್ ದರಕ್ಕೇ ಮಾತಾಡಿ, ಟೋಲ್, ಪಾರ್ಕಿಂಗ್, ಚಾಲಕನ ಭತ್ಯೆ ಒಳಗೋ ಹೊರಗೋ ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ನಿಲ್ಲಬೇಕಾದ ಊರುಗಳ ಹೆಸರೂ ಅದೇ ಮೆಸೇಜಿನಲ್ಲಿರಲಿ. ಬರೆಯದಿದ್ದರೆ ಮೂರನೇ ನಿಲುಗಡೆ ಯಾವುದೋ ಫುಲ್ಕಾರಿ ಕಸೂತಿ ಅಂಗಡಿಯೋ ಜುತ್ತಿ ಚಪ್ಪಲಿ ಅಂಗಡಿಯೋ ಆಗುತ್ತೆ. ಅಲ್ಲಿ ಗಿರಾಕಿ ಒಳಗೆ ಹೋದರೂ ಸಾಕು, ಚಾಲಕನಿಗೆ ಪಾಲುಂಟು.

ಇನ್ನೊಂದು ತೊಡಕು ವಾಘಾ. ಚಾಲಕರಿಗೆ ಸಂಜೆ ವಾಘಾ ಮುಟ್ಟಿಸುವ ಅಭ್ಯಾಸ ಎಷ್ಟು ಗಟ್ಟಿಯೆಂದರೆ, ಮಧ್ಯಾಹ್ನ ಎರಡಾಗುತ್ತಿದ್ದಂತೆ ಅವಸರ ಶುರು. ಆ ಅವಸರಕ್ಕೆ ಬಲಿಯಾಗುವುದು ಅಸಲ್ ಉತ್ತರ್. ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ವಾಘಾದಲ್ಲಿ ಗೇಟು ತೆರೆಯದೆ, ಎರಡೂ ಕಡೆಯ ಯೋಧರ ಹಸ್ತಲಾಘವ ಇಲ್ಲದೆ ಪೆರೇಡ್ ನಡೆಸಲು ಶುರುಮಾಡಿದರು. ಆದರೂ ನೋಡಲೇಬೇಕೆಂಬ ಹಟ ಇದ್ದರೆ ವಾಘಾಕ್ಕೆ ಬೇರೆಯೇ ದಿನ ಇಟ್ಟುಕೊಳ್ಳಿ.

ಬೆಳಿಗ್ಗೆ 6ಕ್ಕೆ ಹೊರಟರೆ 7ರೊಳಗೆ ತರನ್ ತಾರನ್ ಸಾಹಿಬ್. ಐದನೇ ಗುರು ಅರ್ಜನ್ ದೇವ್ 1590ರಲ್ಲಿ ಅಗೆಸಲು ಶುರುಮಾಡಿದ ಸರೋವರ ಇದು. ಹೆಸರಿನ ಅರ್ಥ ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ತರಣ, ತಾರಣ, ದಾಟುವುದು, ದಾಟಿಸುವುದು. ಸಿಖ್ಖರ ಸರೋವರಗಳಲ್ಲೇ ದೊಡ್ಡದೆಂದು ಹೆಸರು. ಉದ್ದ 280 ಮೀಟರಿಗೂ ಮಿಕ್ಕಿ, ಅಗಲ 230ರ ಆಸುಪಾಸು. ಸ್ವರ್ಣಮಂದಿರದಲ್ಲಿ ಗುಡಿ ನೀರಿನ ನಡುವೆ. ಇಲ್ಲಿ ಒಂದು ಮೂಲೆಗೆ ಒತ್ತಿಕೊಂಡಂತೆ ದಂಡೆಯ ಮೇಲಿದೆ. ಹಾಗಾಗಿ ನೀರಿನ ಹರವು ತಡೆಯಿಲ್ಲದೆ ಕಣ್ಣಿಗೆ ಸಿಗುತ್ತೆ. ಜನವೂ ಕಡಿಮೆ. ಸ್ವರ್ಣಮಂದಿರದಲ್ಲಿ ದರ್ಶನಕ್ಕೆ ಎರಡು ಗಂಟೆ ಸಾಲು ನಿಂತವರು ಇಲ್ಲಿ ಹತ್ತು ನಿಮಿಷದಲ್ಲಿ ಒಳಗಿರುತ್ತಾರೆ.

ಅವಸರ ಮಾಡದೆ ಪರಿಕ್ರಮದ ಒಂದು ಸುತ್ತು ಪೂರ್ತಿ ನಡೆಯಿರಿ. ಈಶಾನ್ಯ ಮೂಲೆಯಲ್ಲಿ ಒಂಟಿ ಮಿನಾರು ನಿಂತಿದೆ. ನಾಲ್ಕು ಮೂಲೆಗೆ ನಾಲ್ಕು ಕಟ್ಟಿಸುವ ಯೋಜನೆ ಇತ್ತು. ಸಿಖ್ ಮಹಾರಾಜ ರಣಜಿತ್ ಸಿಂಗನ ಮೊಮ್ಮಗ ನೌನಿಹಾಲ್ ಸಿಂಗನ ಕಾಲದಲ್ಲಿ ಒಂದು ಎದ್ದಿತು, ಉಳಿದ ಮೂರಕ್ಕೆ ರಾಜ್ಯವೇ ಉಳಿಯಲಿಲ್ಲ. ಮೆಟ್ಟಿಲುಗಳಿಗೆ ಕಲ್ಲು, ಗುಡಿಗೆ ಚಿನ್ನದ ತಗಡು ರಣಜಿತ್ ಸಿಂಗನ ಕೊಡುಗೆ. ಮೊದಲು ಸರೋವರಕ್ಕೆ ಮಳೆನೀರೇ ಗತಿ. ಆಮೇಲೆ ಜಿಂದ್ ಸಂಸ್ಥಾನದ ರಾಜ ರಘುಬೀರ್ ಸಿಂಗ್ ಕಾಲುವೆಯಿಂದ ನೀರು ತರುವ ದಾರಿ ಮಾಡಿಸಿದ. ಕುಷ್ಠರೋಗಿಗಳು ಈ ನೀರನ್ನು ನಂಬಿ ಬರುತ್ತಿದ್ದರು. ಬ್ರಿಟಿಷರ ಕಾಲಕ್ಕೆ ಊರಲ್ಲಿ ಕುಷ್ಠರೋಗಿಗಳ ಆಶ್ರಮವೂ ಇತ್ತು. ಆ ನಂಬಿಕೆಯಿಂದಲೇ ಸರೋವರಕ್ಕೆ ದುಃಖ ನಿವಾರಣ ಅಂತಲೂ ಹೆಸರು.

ಇಷ್ಟು ಚೆಂದದ ಜಾಗಕ್ಕೆ ಒಂದು ಗಾಯವೂ ಇದೆ. 2019ರ ಮಾರ್ಚ್ 30ರ ರಾತ್ರಿ, ಕಾರ್ ಸೇವೆಯ ಹೆಸರಿನಲ್ಲಿ ಹಳೆಯ ದರ್ಶನಿ ಡ್ಯೋಢಿಯ, ಅಂದರೆ ಹೆಬ್ಬಾಗಿಲಿನ, ಮೇಲ್ಭಾಗವನ್ನು ಒಡೆಯತೊಡಗಿದರು. ಭಕ್ತರೇ ಅಡ್ಡ ನಿಂತು ಕೂಗಾಡಿದ ಮೇಲೆ ಕೆಲಸ ನಿಂತಿತು. ಕಾರ್ ಸೇವೆಯೆಂದರೆ ಕೂಲಿಯಿಲ್ಲದೆ ಹೂಳೆತ್ತುವುದು, ಕಟ್ಟುವುದು, ಒಳ್ಳೆಯ ಪದ್ಧತಿ. ಆದರೆ ಇಟ್ಟಿಗೆ, ಸುಣ್ಣ, ಭಿತ್ತಿಚಿತ್ರ ಇದ್ದ ಕಡೆ ಬಿಳಿ ಅಮೃತಶಿಲೆ ಅಂಟಿಸುವ ಹುಚ್ಚು ಪಂಜಾಬಿನ ಹಳೆಯ ಗುರುದ್ವಾರಗಳನ್ನು ಒಂದೊಂದಾಗಿ ತಿಂದುಹಾಕಿದೆ. ಐನ್‌ಮನೆಯ ಕೆತ್ತನೆ ಕಂಬ ಕಿತ್ತು ಟೈಲ್ಸ್ ಹಾಕಿಸಿದ ಮನೆಗಳನ್ನು ಕಂಡವರಿಗೆ ಈ ರೋಗದ ಪರಿಚಯ ಇದ್ದೇ ಇರುತ್ತೆ.

ಅಮಾವಾಸ್ಯೆ ದಿನ ಹೋಗಬೇಡಿ. ಇಲ್ಲಿ ಅದಕ್ಕೆ ಮಸ್ಯಾ ಅನ್ನುತ್ತಾರೆ. ಪ್ರತಿ ತಿಂಗಳೂ ಸ್ನಾನಕ್ಕೆ ಜನ ಸೇರುತ್ತಾರೆ, ಭಾದ್ರಪದದ್ದು ಎಲ್ಲಕ್ಕಿಂತ ದೊಡ್ಡದು. ತುಲಾ ಸಂಕ್ರಮಣದ ದಿನ ಭಾಗಮಂಡಲದ ರಸ್ತೆ ಹೇಗಿರುತ್ತೋ ಹಾಗೆ. ಗುರುದ್ವಾರದಿಂದ ದೂರವೇ ಟ್ಯಾಕ್ಸಿ ತಡೆಯುತ್ತಾರೆ, ಅಲ್ಲಿಂದಾಚೆ ನಡೆಯಬೇಕು, ಉಳಿದ ಊರುಗಳಿಗೆ ಹೊತ್ತೇ ಉಳಿಯುವುದಿಲ್ಲ.

ತಿಂಡಿಗೆ ಬೇರೆ ಹೋಟೆಲ್ ಹುಡುಕಬೇಡಿ, ಗುರುದ್ವಾರದ ಉಚಿತ ಊಟ, ಲಂಗರ್ ಇದೆ. ಸಾಲಲ್ಲಿ ನೆಲಕ್ಕೆ ಕೂರುವುದು, ತಟ್ಟೆಗೆ ದಾಲ್, ರೊಟ್ಟಿ, ಕೆಲವೊಮ್ಮೆ ಖೀರು. ರೊಟ್ಟಿಯನ್ನು ಎರಡೂ ಕೈ ಚಾಚಿ ಬೇಡಿ ತೆಗೆದುಕೊಳ್ಳಬೇಕು. ತಟ್ಟೆಗೆ ಹಾಕಿ ಎಂದು ಬೆರಳು ತೋರಿಸಬಾರದು. ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ಊಟಕ್ಕೆ ಕೂತವರಿಗೆ ರೀತಿ ಹೊಸದಲ್ಲ, ಖಾರ ಮಾತ್ರ ಸಪ್ಪೆ ಅನ್ನಿಸೀತು. ತಟ್ಟೆಯಲ್ಲಿ ಬಿಡುವುದು ಅಪಚಾರ. ಎರಡನೇ ಸಲ ಕೇಳಿದರೆ ಖಂಡಿತ ಹಾಕುತ್ತಾರೆ, ಅದಕ್ಕೇ ಮೊದಲು ಕಡಿಮೆ ಹಾಕಿಸಿಕೊಳ್ಳಿ.

ಕಡಾ ಪ್ರಸಾದದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಏಕೆಂದರೆ ಮನೆಯಲ್ಲಿ ಮಾಡಿ ಕೆಡಿಸುವವರೇ ಹೆಚ್ಚು. ಗೋಧಿ ಹಿಟ್ಟು, ತುಪ್ಪ, ಸಕ್ಕರೆ ಮೂರೂ ಸಮಸಮ. ನೀರು ಹಿಟ್ಟಿನ ಸುಮಾರು ಮೂರು ಪಟ್ಟು. ಹಿಟ್ಟು ತರಿತರಿಯಾಗಿರಬೇಕು, ಚಪಾತಿಯ ನುಣ್ಣನೆ ಹಿಟ್ಟು ಅಂಟಂಟಾಗುತ್ತೆ. ತುಪ್ಪ ಕಾದ ಮೇಲೆ ಹಿಟ್ಟು ಹಾಕಿ, ಉರಿ ಸಣ್ಣಗಿಟ್ಟು ಬಿಸ್ಕತ್ತಿನ ಬಣ್ಣ ದಾಟಿ ಕೆಂಚಗಾಗುವವರೆಗೂ ಕೈ ಬಿಡದೆ ಹುರಿಯಬೇಕು. ಪಕ್ಕದ ಒಲೆಯಲ್ಲಿ ನೀರು, ಸಕ್ಕರೆ ಕುದಿಯುತ್ತಿರಬೇಕು. ತಣ್ಣೀರು ಸುರಿದರೆ ಗಂಟು, ಹಿಟ್ಟು ಅರೆ ಹುರಿದಿದ್ದರೆ ಹಸಿ ವಾಸನೆ. ಪಾಕ ಬಿದ್ದ ಕ್ಷಣ ಭುಸ್ಸೆಂದು ಉಕ್ಕುವುದರಿಂದ ಮುಖ ದೂರ ಇರಲಿ. ಕೊನೆಗೆ ಬದಿಯಲ್ಲಿ ತುಪ್ಪ ಬಿಟ್ಟು, ಸೌಟಿಗೆ ಅಂಟದೆ ಮುದ್ದೆಯಾಗಿ ತಿರುಗಿದರೆ ಆಯಿತು. ಗುರುದ್ವಾರದಲ್ಲಿ ಅರ್ದಾಸ್ ಪ್ರಾರ್ಥನೆ ಆದ ಮೇಲೆ ಕೃಪಾಣ ಮುಟ್ಟಿಸಿ ಹಂಚುತ್ತಾರೆ. ಎರಡೂ ಕೈ ಬೊಗಸೆ ಮಾಡಿ ಹಿಡಿಯಿರಿ, ಒಂಟಿ ಕೈ ಚಾಚಬೇಡಿ. ಕೈಗೆ ಹತ್ತಿದ ತುಪ್ಪ ಒರೆಸಲು ಕರವಸ್ತ್ರ ಇರಲಿ.

ಖಡೂರ್ ಸಾಹಿಬ್, ಗೋಇಂದ್ವಾಲ್ ಸಾಹಿಬ್, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ನಡುವಿನ ದೂರ ಹೆಚ್ಚಿಲ್ಲ, ಆದರೆ ಎರಡೂ ನೋಡಿದರೆ ಮಧ್ಯಾಹ್ನ ಹರಿಕೆಯಲ್ಲೇ ಕಳೆದುಹೋಗುತ್ತೆ. ಖಡೂರ್ ಎರಡನೇ ಗುರು ಅಂಗದರ ಊರು, ಗುರುಮುಖಿ ಲಿಪಿಗೆ ಈಗಿನ ರೂಪ ಸಿಕ್ಕಿದ ಊರು. ಆ ಲಿಪಿ ಬಿಟ್ಟರೆ ಬೇರೆ ಅಕ್ಷರವೇ ಇಲ್ಲದ ಬೋರ್ಡುಗಳು ಈ ಜಿಲ್ಲೆಯಲ್ಲಿ ದಾರಿಯುದ್ದಕ್ಕೂ ಎದುರಾಗುತ್ತವೆ, ಹಾಗಾಗಿ ಊರ ಹೆಸರು ಕೇಳಿಯೇ ತಿಳಿಯಬೇಕು. ಗೋಇಂದ್ವಾಲ್‌ನಲ್ಲಿ ಮೂರನೇ ಗುರು ಅಮರ್ ದಾಸ್ ಕಟ್ಟಿಸಿದ 84 ಮೆಟ್ಟಿಲಿನ ಬಾವಿ. ಒಂದೊಂದು ಮೆಟ್ಟಿಲಿಗೂ ಜಪ್‌ಜಿ ಪ್ರಾರ್ಥನೆ ಓದಿ ಕೆಳಗಿಳಿದು ಮಿಂದು ಬರುವ ಹರಕೆ. 84 ಸಲ ಅಂದರೆ ದಿನವೇ ಬೇಕು. ಹರಕೆಯಿಲ್ಲದವರು ಒಮ್ಮೆ ಇಳಿದು ಹತ್ತಿದರೆ ಸಾಕು. ಮೆಟ್ಟಿಲು ಸದಾ ಒದ್ದೆ, ಮೊಣಕಾಲು ನೋವಿನವರು ಮೇಲೇ ಇರಿ. ಮೊದಲು ಪಂಗತ್, ಆಮೇಲೆ ಸಂಗತ್, ಅಂದರೆ ಸಾಲಲ್ಲಿ ಕೂತು ಉಂಡವರಿಗೇ ಗುರುವಿನ ದರ್ಶನ ಎಂಬ ಕಟ್ಟಳೆ ಹುಟ್ಟಿದ್ದು ಇಲ್ಲಿ. ಅಕ್ಬರ್ ಕೂಡ ಆ ಸಾಲಲ್ಲಿ ಕೂತ ಅನ್ನುವುದು ಸಿಖ್ ಪರಂಪರೆಯ ಮಾತು. ನಮ್ಮ ಆಯ್ಕೆ ಗೋಇಂದ್ವಾಲ್.

ಖಡೂರ್ ಸಾಹಿಬ್ ಲೋಕಸಭಾ ಕ್ಷೇತ್ರದ ಹೆಸರೂ ಹೌದು. 2024ರಲ್ಲಿ ಅಸ್ಸಾಮಿನ ದಿಬ್ರುಗಢ ಜೈಲಿನಲ್ಲಿದ್ದುಕೊಂಡೇ ಖಾಲಿಸ್ತಾನ್ ಪರ ಪ್ರಚಾರಕ ಅಮೃತ್‌ಪಾಲ್ ಸಿಂಗ್ ಪಕ್ಷೇತರನಾಗಿ ಇಲ್ಲಿಂದ ಗೆದ್ದರು. ಟ್ಯಾಕ್ಸಿಯಲ್ಲಿ ಆ ವಿಷಯ ಎತ್ತಿದರೆ ಎರಡು ಬಗೆಯ ಉತ್ತರ ಸಿಗುತ್ತೆ, ಎರಡೂ ಜೋರು ದನಿಯಲ್ಲಿ.

ಹರಿಕೆ ಬಗ್ಗೆ ಋತು ನೋಡಿ ನಿರ್ಧರಿಸಿ. ಬಿಯಾಸ್, ಸಟ್ಲೆಜ್ ಎರಡೂ ನದಿ ಕೂಡುವ ಜಾಗಕ್ಕೆ 1950ರ ದಶಕದ ಮೊದಲಲ್ಲಿ ಬ್ಯಾರೇಜ್ ಕಟ್ಟಿದ್ದರಿಂದ ಹುಟ್ಟಿದ ಜೌಗು ಇದು. 1990ರಿಂದ ಜಗತ್ತಿನ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಯಲ್ಲಿದೆ. ರಾಜಸ್ಥಾನದ ಇಂದಿರಾ ಗಾಂಧಿ ಕಾಲುವೆಗೆ ನೀರು ಹೊರಡುವುದೂ ಇಲ್ಲಿಂದಲೇ. ಚಳಿಗಾಲದಲ್ಲಿ ಬಾತು, ಹೆಬ್ಬಾತುಗಳ ವಲಸೆ. ಬಿಯಾಸ್‌ನಲ್ಲಿ ಸಿಂಧೂ ಡಾಲ್ಫಿನ್ ಇರುವುದು 2007ರಲ್ಲಿ ಗೊತ್ತಾಯಿತು; ಒಂದು ಗಂಟೆ ನಿಂತು ಅದನ್ನು ನೋಡಿಬಿಡುತ್ತೇವೆ ಅನ್ನುವ ಆಸೆ ಬೇಡ. ನೋಡಲೇಬೇಕಾದದ್ದು ನೀರಿನ ಬಣ್ಣ. ಲುಧಿಯಾನದ ಬಣ್ಣದ ಕಾರ್ಖಾನೆಗಳ ಕೊಳೆ, ಊರ ಚರಂಡಿ ಎಲ್ಲ ಬುಡ್ಢಾ ನಾಲೆಯ ಮೂಲಕ ಸಟ್ಲೆಜ್‌ಗೆ ಬೀಳುತ್ತೆ. ಕಪ್ಪಿಟ್ಟ ಸಟ್ಲೆಜ್, ತಿಳಿಯಾದ ಬಿಯಾಸ್, ಎರಡೂ ಬೆರೆಯದೆ ಅಕ್ಕಪಕ್ಕ ಸ್ವಲ್ಪ ದೂರ ಸಾಗುವುದು ಬರಿಗಣ್ಣಿಗೆ ಕಾಣುವ ದಿನಗಳುಂಟು. ಕುಶಾಲನಗರದ ಕೆಳಗಿನ ಕಾವೇರಿ ನೋಡಿ ಬೇಜಾರಾದವರು ಇದನ್ನೂ ನೋಡಲಿ. ಏಪ್ರಿಲ್ ಮೇಲೆ ವಲಸೆ ಹಕ್ಕಿಯಿಲ್ಲ, ನೀರಿನ ಮೇಲೆ ಕತ್ತೆಕಿವಿಯ ಕಳೆ ಮಾತ್ರ. ಆಗ ಗಾಡಿ ನಿಲ್ಲಿಸದೆ ಪಟ್ಟಿಗೆ ತಿರುಗಿ. ನೀರಿಗಿಳಿಯುವ ಬಸ್ಸು ಅಂತ 2016ರ ಡಿಸೆಂಬರಿನಲ್ಲಿ ಸರ್ಕಾರ ಇಲ್ಲಿ ಒಂದನ್ನು ಉದ್ಘಾಟಿಸಿತ್ತು. ಅದನ್ನು ನಂಬಿ ಹಳೇ ವಿಡಿಯೋ ನೋಡಿಕೊಂಡು ಹೋಗಬೇಡಿ, ಅದು ನಿಂತು ಬಹಳ ಕಾಲವಾಯಿತು.

ಹರಿಕೆಯಿಂದ ಸಟ್ಲೆಜ್ ದಡದಲ್ಲೇ ಮುಂದೆ ಸಭರಾಂವ್ ಊರು. ಇಂಗ್ಲಿಷರ ಬಾಯಲ್ಲಿ ಸೊಬ್ರಾಂವ್. 1846ರ ಫೆಬ್ರವರಿ 10ರಂದು ಈಸ್ಟ್ ಇಂಡಿಯಾ ಕಂಪನಿಯ ಜೊತೆಗಿನ ಕಾಳಗದಲ್ಲಿ ಇಲ್ಲಿಯ ಹೊಳೆಯಲ್ಲಿ ಸಿಖ್ ಸೇನೆ ಮುಳುಗಿತು, ಅಕ್ಷರಶಃ: ಹಿಂದೆ ಉಕ್ಕುವ ನದಿ, ಇದ್ದ ಒಂದು ದೋಣಿಸೇತುವೆ ಮುರಿದುಹೋಯಿತು. ಸಿಖ್ ಸರದಾರ ಶಾಮ್ ಸಿಂಗ್ ಅಟ್ಟಾರಿವಾಲಾ ಬಿಳಿ ಬಟ್ಟೆಯುಟ್ಟು ಹೋರಾಡಿ ಸತ್ತದ್ದು ಇಲ್ಲೇ. ಮೂರು ವರ್ಷಕ್ಕೆ ಪಂಜಾಬ್ ಪೂರ್ತಿ ಕಂಪನಿಯದ್ದಾಯಿತು, ಬಾಲಕ ಮಹಾರಾಜ ದುಲೀಪ್ ಸಿಂಗ್ ಇಂಗ್ಲೆಂಡಿಗೆ ಹೋದ. ಅಷ್ಟರಲ್ಲಿ 1834ರಲ್ಲೇ ರಾಜ್ಯ ಕಳೆದುಕೊಂಡಿದ್ದ ಕೊಡಗಿನ ಚಿಕ್ಕವೀರರಾಜೇಂದ್ರ ಮಗಳು ಗೌರಮ್ಮನೊಂದಿಗೆ ಲಂಡನ್ ಸೇರಿದ್ದ. 1852ರಲ್ಲಿ ಆಕೆಯ ಬ್ಯಾಪ್ಟಿಸಂ ಆದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಗೌರಮ್ಮನಿಗೂ ದುಲೀಪ್ ಸಿಂಗನಿಗೂ ಗಂಟು ಹಾಕಬೇಕೆಂದು ರಾಣಿಗೆ ಬಹಳ ಆಸೆಯಿತ್ತು, ಅವನು ಒಲ್ಲೆನೆಂದ. ಮಡಿಕೇರಿ ಕೋಟೆಗೂ ಈ ಹೊಳೆದಂಡೆಗೂ ಹೀಗೊಂದು ಕೂಡದೆ ಹೋದ ಸಂಬಂಧ ಉಂಟು. ಊರಲ್ಲಿ ನೋಡಲು ಹೆಚ್ಚೇನಿಲ್ಲ, ಗಾಡಿಯಲ್ಲೇ ನೆನೆದು ಮುಂದೆ ಸಾಗಬಹುದು.

ಪಟ್ಟಿ ಹಳೆಯ ಊರು, ಇಕ್ಕಟ್ಟಿನ ಪೇಟೆ. 1947ಕ್ಕೆ ಮೊದಲು ಪಟ್ಟಿ, ಖೇಮ್‌ಕರಣ್ ಎರಡೂ ಲಾಹೋರ್ ಜಿಲ್ಲೆಯ ಕಸೂರ್ ತಹಸೀಲಿಗೆ ಸೇರಿದ್ದವು. ಆಗಸ್ಟ್ 17ರಂದು ದೇಶವನ್ನು ಇಬ್ಭಾಗಿಸಿದ ರ‍್ಯಾಡ್‌ಕ್ಲಿಫ್ ಗೆರೆ ಹೊರಬಿದ್ದಾಗ ತಹಸೀಲು ಸೀಳಿತು: ಕಸೂರ್ ಪಟ್ಟಣ ಆಚೆ, ಅದರ ಹಳ್ಳಿಗಳು ಈಚೆ. ಅಮೃತಸರದಿಂದ ಪಟ್ಟಿ ಮೇಲೆ ಕಸೂರಿಗೆ ಓಡುತ್ತಿದ್ದ ರೈಲು ಖೇಮ್‌ಕರಣ್‌ನಲ್ಲೇ ನಿಂತುಬಿಟ್ಟಿತು. ಈಗಲೂ ಅದೇ ಕೊನೆಯ ಸ್ಟೇಷನ್. ದುಡ್ಡು ಉಳಿಸಬೇಕೆನ್ನುವವರು ಆ ರೈಲಲ್ಲೂ ಹೋಗಬಹುದು, ಆದರೆ ಸ್ಟೇಷನ್ನಿನಿಂದಾಚೆ ಆಟೋ ಸಿಗುವುದು ನಿಮ್ಮ ಅದೃಷ್ಟ.

ಚಾಲಕರು ತಾವಾಗಿ ಹೇಳದ ಇನ್ನೊಂದು ಕತೆ ಈ ಪಟ್ಟಿಯದು. 1980-90ರ ದಶಕದಲ್ಲಿ ಉಗ್ರವಾದವೂ ಅದನ್ನು ಅಡಗಿಸಿದ ಪೊಲೀಸ್ ಕಾರ್ಯಾಚರಣೆಯೂ ಪಂಜಾಬಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸುಟ್ಟ ಸೀಮೆ ಇದು. ಗಡಿಯ ಖಾಲ್ರಾ ಊರಿನ ಜಸ್ವಂತ್ ಸಿಂಗ್ ಖಾಲ್ರಾ ಸ್ಮಶಾನಗಳ ಸೌದೆ ಲೆಕ್ಕದ ಪುಸ್ತಕ ಹಿಡಿದು, ವಾರಸುದಾರರಿಲ್ಲ ಎಂದು ಪೊಲೀಸರು ಸುಟ್ಟ ಹೆಣಗಳ ಲೆಕ್ಕ ತೆಗೆದರು. 1995ರ ಸೆಪ್ಟೆಂಬರ್ 6ರಂದು ಅವರನ್ನೇ ಮನೆಯೆದುರಿನಿಂದ ಎತ್ತಿಕೊಂಡು ಹೋದರು, ಮತ್ತೆ ಬರಲಿಲ್ಲ. ಆ ಕೊಲೆಗೆ ಪೊಲೀಸರಿಗೆ ಶಿಕ್ಷೆಯಾಯಿತು. ತರನ್ ತಾರನ್, ಪಟ್ಟಿ, ಅಮೃತಸರದ ದುರ್ಗಿಯಾನಾ ಈ ಮೂರೇ ಸ್ಮಶಾನಗಳಲ್ಲಿ ಸಿಬಿಐ ಕಂಡುಹಿಡಿದ ಅಕ್ರಮ ದಹನಗಳ ಸಂಖ್ಯೆ 2,097. ಜಿಲ್ಲೆಗೆ ಜಿಲ್ಲೆಯೆಂಬ ಹೆಸರು ಬಂದದ್ದೇ 2006ರಲ್ಲಿ, ಗುರು ಅರ್ಜನ್ ದೇವರ ಬಲಿದಾನದ 400ನೇ ವರ್ಷಕ್ಕೆ ಅಮೃತಸರದಿಂದ ಬೇರೆ ಮಾಡಿದಾಗ. 2011ರ ಜನಗಣತಿಯಲ್ಲಿ 11 ಲಕ್ಷ 20 ಸಾವಿರದಷ್ಟು ಜನ, ಅದರಲ್ಲಿ ನೂರಕ್ಕೆ 93 ಸಿಖ್ಖರು. ನಮ್ಮ ಕೊಡಗಿನ ಎರಡರಷ್ಟು ಜನ, ಕೊಡಗಿಗಿಂತ ಬಹಳ ಚಿಕ್ಕ ನೆಲದಲ್ಲಿ.

ಈಗ ಅಸಲ್ ಉತ್ತರ್. ಪಟ್ಟಿ ದಾಟಿ ಖೇಮ್‌ಕರಣ್ ರಸ್ತೆ ಹಿಡಿದು ಇಲ್ಲಿಗೆ ಮಧ್ಯಾಹ್ನ ಒಂದೂವರೆಯೊಳಗೆ ಮುಟ್ಟಬೇಕು, ಕನಿಷ್ಠ ಒಂದೂವರೆ ಗಂಟೆ ಇರಬೇಕು. ಹೊರಗಿನಿಂದ ಇದು ಸಾದಾ ಹಳ್ಳಿ: ಗೋಧಿ ಹೊಲ, ಟ್ಯೂಬ್‌ವೆಲ್, ಅಬ್ದುಲ್ ಹಮೀದರ ಸಮಾಧಿ, ಎದುರಿಗೆ ಒಂದು ಪ್ಯಾಟನ್ ಟ್ಯಾಂಕ್. ಹತ್ತು ನಿಮಿಷಕ್ಕೆ ಫೋಟೋ ತೆಗೆದು ಹೊರಡುವವರೇ ಹೆಚ್ಚು. ನೆಲ ಓದಲು ಗೊತ್ತಿದ್ದರೆ ಮಾತ್ರ ಇದು ಬಿಚ್ಚಿಕೊಳ್ಳುತ್ತೆ.

1965ರ ಸೆಪ್ಟೆಂಬರ್ 8ರಿಂದ 10. ಪಾಕಿಸ್ತಾನದ ಮೊದಲನೇ ಆರ್ಮರ್ಡ್ ಡಿವಿಷನ್ ಖೇಮ್‌ಕರಣ್ ಹಿಡಿದು ಬಿಯಾಸ್ ಸೇತುವೆ ಕಡೆ ನುಗ್ಗುವ ಯೋಜನೆಯಲ್ಲಿತ್ತು; ಅದು ಆಗಿದ್ದರೆ ಅಮೃತಸರ ತುಂಡಾಗಿ ಬೀಳುತ್ತಿತ್ತು. ಎದುರಿಗೆ ಮೇಜರ್ ಜನರಲ್ ಗುರ್‌ಬಕ್ಷ್ ಸಿಂಗ್ ಅವರ 4ನೇ ಮೌಂಟನ್ ಡಿವಿಷನ್, ಜೊತೆಗೆ ಬ್ರಿಗೇಡಿಯರ್ ಥಿಯೋಗರಾಜರ 2ನೇ ಆರ್ಮರ್ಡ್ ಬ್ರಿಗೇಡ್. ಮುಂದೆ ನಿಂತು ತಡೆಯಲಾಗದೆ ಹಿಂದೆ ಸರಿದು, ಈ ಊರಿನ ಸುತ್ತ ಕುದುರೆ ಲಾಳದ ಆಕಾರದಲ್ಲಿ ಕೂತರು. ಕಾಲುವೆ ಒಡೆದು ಹೊಲಕ್ಕೆ ನೀರು ಬಿಟ್ಟರು. ಸೆಪ್ಟೆಂಬರಿನಲ್ಲಿ ಕಬ್ಬು ಆಳೆತ್ತರ ಮೀರಿರುತ್ತೆ. ಪಾಕಿಸ್ತಾನದ ಪ್ಯಾಟನ್ ಟ್ಯಾಂಕಿನ ಚೈನು ಕೆಸರಲ್ಲಿ ಹೂತಿತು, ಕಬ್ಬಿನ ಮರೆಯಲ್ಲಿದ್ದ ಭಾರತದ ಸೆಂಚುರಿಯನ್, ಷರ್ಮನ್ ಟ್ಯಾಂಕ್‌ಗಳು ಒಳಗೆ ಬಂದ ಟ್ಯಾಂಕ್‌ಗಳಿಗೆ ಬದಿಯಿಂದ ಹೊಡೆದವು. ಟ್ಯಾಂಕಿನ ಮುಂಭಾಗ ದಪ್ಪ, ಬದಿ ತೆಳು. ಲಾಳದ ಒಳಗೆ ಸಿಕ್ಕವನ ಬದಿ ಯಾರಿಗಾದರೂ ಕಂಡೇ ಕಾಣುತ್ತೆ. ಭಾರತದ ಲೆಕ್ಕದಲ್ಲಿ ನಾಶವಾದ, ಕೈಗೆ ಸಿಕ್ಕ ಟ್ಯಾಂಕ್ 97. ಅವನ್ನೆಲ್ಲ ಭಿಖಿವಿಂಡ್ ಬಳಿ ಸಾಲಾಗಿ ನಿಲ್ಲಿಸಿದ ಬಯಲಿಗೆ ಜನ ಪ್ಯಾಟನ್ ನಗರ ಅಂದರು.

ಹಮೀದರ ಜೀಪಿನ ಮೇಲಿದ್ದದ್ದು 106 ಮಿಲಿಮೀಟರ್ ರಿಕಾಯಿಲ್‌ಲೆಸ್ ಗನ್. ಕೈಲ್‌ಪೊಳ್ದಿಗೆ ಕೋವಿ ಪೂಜೆ ಮಾಡುವ ಊರಿನವರಿಗೆ ಇದರ ಕಷ್ಟ ಬೇಗ ಅರ್ಥವಾದೀತು. ಕೋವಿ ಹೆಗಲಿಗೆ ಒದೆಯುತ್ತೆ. ಈ ಗನ್ನು ಒದೆಯುವುದಿಲ್ಲ, ಏಕೆಂದರೆ ಸ್ಫೋಟದ ಗಾಳಿಯನ್ನು ಹಿಂದಕ್ಕೆ ಉಗುಳಿಬಿಡುತ್ತೆ. ಹಗುರ, ಜೀಪಿನಲ್ಲಿ ಸಾಗಿಸಬಹುದು. ಆದರೆ ಹಿಂದೆ ಏಳುವ ಧೂಳು, ಬೆಂಕಿ ಮೈಲು ದೂರಕ್ಕೆ ಕಾಣುತ್ತೆ. ಒಂದು ಗುಂಡು ಹಾರಿಸಿದರೆ ಜಾಗ ಬಯಲು. ಎದುರಿನ ಟ್ಯಾಂಕ್ ತೋಪು ತಿರುಗಿಸುವಷ್ಟರಲ್ಲಿ ಬೇರೆ ಕಡೆ ಇರಬೇಕು. ಜೀಪಿಗೆ ಗುಂಡು ತಡೆಯುವ ತಗಡೂ ಇಲ್ಲ. 4 ಗ್ರೆನೇಡಿಯರ್ಸ್‌ನ ಹವಾಲ್ದಾರ್ ಹಮೀದ್ ಹಾಗೆ ಜಾಗ ಬದಲಿಸುತ್ತ ಒಂದಾದ ಮೇಲೊಂದು ಟ್ಯಾಂಕ್ ಹೊಡೆದರು, 10ನೇ ತಾರೀಕು ಒಂದು ಟ್ಯಾಂಕ್ ಅವರನ್ನೂ ಕಂಡಿತು. ಪರಮವೀರ ಚಕ್ರ ಬಂತು. ಅವರು ಹೊಡೆದ ಟ್ಯಾಂಕ್‌ಗಳ ಸಂಖ್ಯೆ ಹೇಳುವವರ ಬಾಯಲ್ಲಿ ಬೇರೆ ಬೇರೆ, ಅದರ ಮೇಲೆ ವಾದ ಬೇಡ. ಊರಿನ ಹೆಸರಿಗೆ ಮಾತ್ರ ಯಾರ ತಕರಾರೂ ಇಲ್ಲ. ಅಸಲಿ ಉತ್ತರ ಅಂತ ಕನ್ನಡದಲ್ಲೂ ಹಾಗೇ ಓದಿಕೊಳ್ಳಬಹುದು.

ಕೊಡಗಿನ ಕೊಂಡಿ ಇಲ್ಲಿ ಎರಡು. ಇದೇ 4ನೇ ಡಿವಿಷನ್ನಿಗೆ 1947ರ ಸೆಪ್ಟೆಂಬರಿನಲ್ಲಿ ದಂಡನಾಯಕರಾಗಿ ಬಂದವರು ಆಗಷ್ಟೇ ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯ. ಆಗ ಕೆಲಸ ಯುದ್ಧದ್ದಾಗಿರಲಿಲ್ಲ; ಎರಡೂ ಕಡೆಯಿಂದ ಹೊರಟ ನಿರಾಶ್ರಿತರ ಸಾಲುಗಳನ್ನು ಕಡಿಯದಂತೆ ಕಾಯುವುದು. 1962ರ ಸೋಲಿನ ಪೆಟ್ಟು ತಿಂದು ಮೌಂಟನ್ ಡಿವಿಷನ್ ಆಗಿ ಬದಲಾದ ಆ ಪಡೆಯೇ ಮೂರು ವರ್ಷಕ್ಕೆ ಇಲ್ಲಿ ಮಾನ ಉಳಿಸಿಕೊಂಡಿತು. ಮಡಿಕೇರಿಯ ಸನ್ನಿಸೈಡ್ ಮ್ಯೂಸಿಯಂ ನೋಡಿ ಬಂದವರಿಗೆ ಈ ಬಯಲು ಅದರ ಬಾಕಿ ಅಧ್ಯಾಯ. ಇನ್ನೊಂದು ಕೊಂಡಿ ಕಾರ್ಯಪ್ಪನವರದು. ಅವರ ಮಗ, ವಾಯುಪಡೆಯ ಪೈಲಟ್ ಕೆ.ಸಿ. ಕಾರ್ಯಪ್ಪ, ಯುದ್ಧದ ಕೊನೆಯ ಹೊತ್ತಿನಲ್ಲಿ ಸೆಪ್ಟೆಂಬರ್ 22ರಂದು ಲಾಹೋರ್ ಸೆಕ್ಟರಿನ ಆಚೆ ಹಂಟರ್ ವಿಮಾನ ಉರುಳಿ ಸೆರೆಸಿಕ್ಕರು. ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದ, ಆಗ ಪಾಕಿಸ್ತಾನದ ಅಧ್ಯಕ್ಷನಾಗಿದ್ದ ಅಯೂಬ್ ಖಾನ್ ಹುಡುಗನನ್ನು ಬಿಡುತ್ತೇನೆಂದರೆ, ಎಲ್ಲ ಸೆರೆಯಾಳುಗಳೂ ನನ್ನ ಮಕ್ಕಳೇ, ಒಬ್ಬನಿಗೆ ಬೇರೆ ಮರ್ಯಾದೆ ಬೇಡ ಎಂದವರು ಕಾರ್ಯಪ್ಪ. ಮಡಿಕೇರಿಯಲ್ಲಿ ವೃತ್ತಕ್ಕೇ ಹೆಸರಾಗಿರುವ ಸ್ಕ್ವಾಡ್ರನ್ ಲೀಡರ್ ದೇವಯ್ಯ ಸರ್ಗೋಧಾ ಮೇಲೆ ಬಿದ್ದದ್ದು ಸೆಪ್ಟೆಂಬರ್ 7ಕ್ಕೆ, ಇಲ್ಲಿಯ ಕಾಳಗಕ್ಕೆ ಹಿಂದಿನ ದಿನ. ಇದೇ ರಸ್ತೆಯ ತುದಿಯ ಖೇಮ್‌ಕರಣ್ ಪಟ್ಟಣ ತಾಷ್ಕೆಂಟ್ ಒಪ್ಪಂದವಾಗುವವರೆಗೂ ಪಾಕಿಸ್ತಾನದ ಕೈಯಲ್ಲೇ ಇತ್ತೆಂಬುದನ್ನು ಗೈಡ್‌ಗಳು ಹೇಳುವುದಿಲ್ಲ. ಗೆಲುವಿನ ಕತೆಗೆ ಅದು ಹೊಂದುವುದಿಲ್ಲವಲ್ಲ.

ಖೇಮ್‌ಕರಣ್‌ನಿಂದ ಮುಂದೆ ಹೋಗಲು ಟ್ಯಾಕ್ಸಿಯವನನ್ನು ಒತ್ತಾಯಿಸಬೇಡಿ. ತಂತಿಬೇಲಿ ಗಡಿಗೆರೆಗಿಂತ ಒಳಗಿದೆ, ಬೇಲಿಯಾಚೆಯೂ ರೈತರ ಹೊಲ ಉಂಟು. ಬಿಎಸ್‌ಎಫ್ ಗೇಟು ತೆರೆದಾಗ ಚೀಟಿ ತೋರಿಸಿ, ಜವಾನರ ಕಾವಲಿನಲ್ಲಿ ಹೋಗಿ, ಗೇಟು ಮುಚ್ಚುವ ಮೊದಲು ಬರಬೇಕು. ಆಚೆ ಎತ್ತರದ ಬೆಳೆ ಹಾಕುವಂತಿಲ್ಲ, ನೋಟಕ್ಕೆ ಅಡ್ಡ. ಆನೆ ಬೇಲಿಯ ಆಚೆ ಗದ್ದೆಯಿರುವವರು ಅರ್ಧ ಮಟ್ಟಿಗೆ ಇವರ ಪಾಡು ಊಹಿಸಬಹುದು. ರಾತ್ರಿ ಆಚೆಯಿಂದ ಡ್ರೋನಿನಲ್ಲಿ ಹೆರಾಯಿನ್, ಪಿಸ್ತೂಲು ಬೀಳುವುದು ಈಗ ಈ ಜಿಲ್ಲೆಯ ದಿನದ ಸುದ್ದಿ. ಹಾಗಾಗಿ ನಿಮ್ಮ ಹುಡುಗರು ಆಸೆಪಟ್ಟು ತಂದ ಕ್ಯಾಮೆರಾ ಡ್ರೋನ್ ಹೋಟೆಲಿನಲ್ಲೇ ಇರಲಿ. ಬೇಲಿ, ಕಾವಲು ಗೋಪುರದ ಫೋಟೋ ಬೇಡ. ಆಧಾರ್ ಅಥವಾ ಮಾಜಿ ಸೈನಿಕರ ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ನಾಕಾಗಳಲ್ಲಿ, ಅಂದರೆ ತಪಾಸಣೆ ಕಟ್ಟೆಗಳಲ್ಲಿ, ಮಾಜಿ ಸೈನಿಕರ ಚೀಟಿ ಕಂಡರೆ ಮಾತಿನ ಧಾಟಿಯೇ ಬದಲು.

ಕುಡಿಯುವ ವಿಷಯ ನೇರವಾಗಿ ಹೇಳಬೇಕು. 2020ರ ಜುಲೈ-ಆಗಸ್ಟಿನಲ್ಲಿ ಕಳ್ಳಬಟ್ಟಿ ಕುಡಿದು ತರನ್ ತಾರನ್, ಅಮೃತಸರ, ಗುರ್‌ದಾಸ್‌ಪುರ ಸೀಮೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಹೆಚ್ಚಿನವರು ಈ ಜಿಲ್ಲೆಯವರು. ಹಳ್ಳಿಯಲ್ಲಿ ಯಾರಾದರೂ ಪ್ರೀತಿಯಿಂದ ದೇಸಿ ಅಂತ ನೀಡಿದರೆ ಕೈ ಮುಗಿದು ಬಿಡಿ. ಗುರುದ್ವಾರದ ಆವರಣಕ್ಕೆ ಬೀಡಿ, ಸಿಗರೇಟು, ಹೊಗೆಸೊಪ್ಪು ಜೇಬಿನಲ್ಲಿಟ್ಟುಕೊಂಡೂ ಹೋಗಬಾರದು. ಗಾಡಿಯಲ್ಲಿ ಬಿಟ್ಟು ಇಳಿಯಿರಿ. ತಲೆ ಮುಚ್ಚಲು ಬಾಗಿಲಲ್ಲಿ ಕೇಸರಿ ಬಟ್ಟೆ ಕೊಡುತ್ತಾರೆ, ಸಾವಿರ ತಲೆ ಕಂಡ ಬಟ್ಟೆ. ಮನೆಯಿಂದಲೇ ಒಂದು ವಸ್ತ್ರ ತಂದರೆ ಒಳ್ಳೆಯದು, ಕೊಡವ ಹೆಂಗಸರಿಗಂತೂ ತಲೆವಸ್ತ್ರ ಹೊಸದಲ್ಲ. ಸೊಂಟದ ಪೀಚೆಕತ್ತಿ ಮಾತ್ರ ಊರಲ್ಲೇ ಇರಲಿ. ದೇಶದೊಳಗಿನ ವಿಮಾನದಲ್ಲಿ ಸಿಖ್ಖರಿಗೆ 6 ಇಂಚಿನ ಅಲಗು, ಒಟ್ಟು 9 ಇಂಚು ಮೀರದ ಕೃಪಾಣಕ್ಕೆ ಅವಕಾಶ ಇದೆ. ಕೊಡವರಿಗಿರುವ ವಿನಾಯಿತಿ ಕೋವಿ ಲೈಸೆನ್ಸಿನದು, ವಿಮಾನದ ಕ್ಯಾಬಿನ್ನಿನದಲ್ಲ.

ಹವೆಯ ಬಗ್ಗೆ: ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ ಭತ್ತದ ಕೂಳೆ ಸುಡುವ ಹೊಗೆ, ಕಣ್ಣುರಿ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು. ನಮ್ಮ ಮಡಿಕೇರಿಯ ಮಂಜಿನ ಹಾಗೆ ಬಂದು ಹೋಗುವುದಲ್ಲ, ಹೆದ್ದಾರಿಯ ಮೇಲೆ ಹತ್ತು ಗಂಟೆಯವರೆಗೂ ಕವುಚಿ ಮಲಗಿರುತ್ತೆ. ಅಂಥ ದಿನ 6ಕ್ಕೆ ಹೊರಡುವ ಹಟ ಬಿಟ್ಟು 10ಕ್ಕೆ ಹೊರಡಿ, ಗೋಇಂದ್ವಾಲ್, ಹರಿಕೆ ಎರಡನ್ನೂ ಕೈಬಿಟ್ಟು ತರನ್ ತಾರನ್, ಅಸಲ್ ಉತ್ತರ್ ಮಾತ್ರ ನೋಡಿ. ಫೆಬ್ರವರಿ ಕೊನೆ ಎಲ್ಲಕ್ಕಿಂತ ಚೆಂದ, ಸಾಸಿವೆ ಹಳದಿ, ಗೋಧಿ ಹಸಿರು. ಕಾಫಿ ಎಲ್ಲೂ ಸಿಗುವುದಿಲ್ಲ. ಸಿಕ್ಕರೆ ಸಿಗದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತೆ. ಪುಡಿ ಒಯ್ಯಿರಿ.

ವಾಪಸು ಬರುವಾಗ ಹೊತ್ತಿದ್ದರೆ ಭಿಖಿವಿಂಡ್ ಮೇಲೆ ಝಬಾಲ್‌ಗೆ ಬಂದು, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಸರಾಯ್ ಅಮಾನತ್ ಖಾನ್ ನೋಡಿ. ತಾಜ್‌ಮಹಲಿನ ಗೋಡೆಯ ಮೇಲಿನ ಬರಹ ಬರೆದ ಶಿರಾಜಿನ ಅಮಾನತ್ ಖಾನ್ 1640ರ ಸುಮಾರಿಗೆ ಕಟ್ಟಿಸಿದ ಛತ್ರ. ಬಾಗಿಲುಗಳ ಮೇಲೆ ನೀಲಿ, ಹಳದಿ ಹೆಂಚಿನ ತುಣುಕುಗಳು, ಅವನದೇ ಅಕ್ಷರ. ಟಿಕೆಟ್ ಕೌಂಟರ್, ಗೈಡ್ ಏನನ್ನೂ ನಿರೀಕ್ಷಿಸಬೇಡಿ. ಕೋಟೆಯಂಥ ಗೋಡೆಯೊಳಗೆ ಜನರ ಮನೆಗಳಿವೆ, ಎಮ್ಮೆ ಕಟ್ಟಿರುತ್ತಾರೆ, ಬಾಗಿಲ ಬಳಿ ಕೇಳಿಕೊಂಡು ಒಳಹೋಗಿ. ಈ ಸೀಮೆಯಲ್ಲಿ ಮೊಬೈಲು ಕೆಲವೊಮ್ಮೆ ಆಚೆಯ ಟವರ್ ಹಿಡಿದು ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ಹಾಕಿಬಿಡುತ್ತೆ, ಪಾಕಿಸ್ತಾನದ ಹೊತ್ತು ಅಷ್ಟು ಹಿಂದೆ. ಬೆಳಿಗ್ಗೆಯೇ ರೋಮಿಂಗ್ ಬಂದ್ ಮಾಡಿ, ಸಮಯವನ್ನು ಕೈಯಿಂದಲೇ ಹೊಂದಿಸಿಡಿ. ಇಲ್ಲವಾದರೆ ರಾತ್ರಿಯ ದೆಹಲಿ ರೈಲಿಗೆ ಇನ್ನೂ ಹೊತ್ತಿದೆ ಅಂದುಕೊಂಡು ಸರಾಯಿಯಲ್ಲೇ ಕೂತಿರುತ್ತೀರಿ.